ಎಸ್‌ಟಿಪಿ ಕೆಸರನ್ನು ಗೊಬ್ಬರ ಮಾಡುವುದು ಹೇಗೆ, ಮಣ್ಣಿನ ಜೀವಿಗಳನ್ನು ಕಾಯುವುದು ಹೇಗೆ: ಹಾಸನ, ಚಿಕ್ಕಮಗಳೂರು ಕಡೆಯ ರೈತರಿಗೆ ಸಮಗ್ರ ಮಾರ್ಗದರ್ಶಿ

ಎರಡು ವರ್ಷದ ಹಿಂದೆ ಬೇಸಿಗೆಯಲ್ಲಿ ಟ್ರ್ಯಾಕ್ಟರ್ ಹುಡುಗನೊಬ್ಬ ನಮ್ಮ ಹೊಲದ ಬದುವಿನ ಹತ್ತಿರ ಗಾಡಿ ನಿಲ್ಲಿಸಿ, "ಅಣ್ಣ, ಎಸ್‌ಟಿಪಿ ಗೊಬ್ಬರ ಐತೆ, ದುಡ್ಡೇನೂ ಬ್ಯಾಡ, ಡೀಸೆಲ್ ಖರ್ಚು ಕೊಡಿ ಸಾಕು" ಅಂದ. ಕೊಟ್ಟಿಗೆ ಗೊಬ್ಬರದ ಲೋಡಿಗೆ ಈಗಿರುವ ರೇಟು ನಿಮಗೇ ಗೊತ್ತು. ಎಸ್‌ಟಿಪಿ ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕ, ಅಲ್ಲಿ ಉಳಿಯುವ ಕೆಸರೇ ಈ ಗೊಬ್ಬರ. ಎರಡು ಲೋಡು ಇಳಿಸಿಕೊಂಡೆ. ಎಲ್ಲಿಂದ ಬಂತು, ಒಳಗೆ ಏನಿದೆ, ಒಂದನ್ನೂ ಕೇಳಲಿಲ್ಲ. ಅರಸೀಕೆರೆ ಕಡೆಯ ನಮ್ಮ ಕೆಂಪು ಮರಳು ಮಣ್ಣಿನ ಹೊಲದಲ್ಲಿ ಅರ್ಧ ಎಕರೆಗೆ ಹಾಗೇ ಹರಡಿ, ಉತ್ತು, ರಾಗಿ ಬಿತ್ತಿದೆ.

ರಾಗಿ ಕಡು ಹಸಿರಾಗಿ ಎದ್ದಿತು. ದಾರಿಯಲ್ಲಿ ಹೋಗುವವರೆಲ್ಲ ನಿಂತು ನೋಡಿದರು. ಆದರೆ ಅಕ್ಕಡಿ ಸಾಲಿನ ಅಲಸಂದೆ ಗಿಡ ಕಿತ್ತು ನೋಡಿದರೆ ಬೇರು ಬೋಳಾಗಿತ್ತು. ಪಕ್ಕದ ಪಟ್ಟೆಗೆ ಕೆಸರು ಹಾಕಿರಲಿಲ್ಲ, ಅಲ್ಲಿ ಒಂದೊಂದು ಗಿಡದ ಬೇರಿನಲ್ಲೂ ಇಪ್ಪತ್ತು ಮೂವತ್ತು ಗಂಟು ಕಟ್ಟಿದ್ದವು. ಇಲ್ಲಿ ನಾಲ್ಕೋ ಐದೋ, ಉಗುರಲ್ಲಿ ಒಡೆದರೆ ಒಳಗೆ ಬಿಳಿ. ಗಾಳಿಯ ಸಾರಜನಕವನ್ನು ಗಿಡಕ್ಕೆ ಕಟ್ಟಿಕೊಡುವ ಬ್ಯಾಕ್ಟೀರಿಯಾಗಳ ಮನೆ ಈ ಗಂಟು, ಕೆಲಸ ನಡೆಯುತ್ತಿದ್ದರೆ ಒಳಗೆ ಕೆಂಪಿರುತ್ತದೆ. ಮೇಲೆ ಹಸಿರು, ಕೆಳಗೆ ಬೋಳು. ಅವತ್ತಿನಿಂದ ನನಗೆ ಈ ಗೊಬ್ಬರದ ಬಗ್ಗೆ ಒಂದೇ ಮಾತು: ಬೆಳೆಯ ಬಣ್ಣ ನೋಡಿ ಇದಕ್ಕೆ ಮಾರ್ಕು ಕೊಡಬೇಡಿ, ಬೇರು ನೋಡಿ ಕೊಡಿ.

ಕೆಸರನ್ನು ಹಾಕಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಸರಿಯಾಗಿ ಮಾಡಿದರೆ ಇದು ಒಳ್ಳೆಯ ಗೊಬ್ಬರವೇ. 1926ರಿಂದ ಅಮೆರಿಕದ ಮಿಲ್ವಾಕಿ ನಗರ ತನ್ನ ಕೆಸರನ್ನು ಒಣಗಿಸಿ ಚೀಲದಲ್ಲಿ ಮಾರುತ್ತಿದೆ. ನಮ್ಮಲ್ಲೇ ದೇವನಹಳ್ಳಿಯಲ್ಲಿ ಪಿಟ್ ಗುಂಡಿಗಳ ಮಲವನ್ನು ಸಂಸ್ಕರಿಸಿ, ಊರಿನ ಹಸಿ ಕಸದ ಜೊತೆ ಕಾಂಪೋಸ್ಟ್ ಮಾಡುವ ಘಟಕ 2015ರಲ್ಲೇ ಶುರುವಾಯಿತು. ಅದಕ್ಕೂ ಎಷ್ಟೋ ಮುಂಚೆ, 1939ರ ಸುಮಾರಿಗೆ, ಮಲ ಮತ್ತು ಊರ ಕಸವನ್ನು ಪದರ ಪದರವಾಗಿ ಗುಂಡಿಗೆ ತುಂಬುವ "ಬೆಂಗಳೂರು ವಿಧಾನ" ಬಂದಿತ್ತು. ಅಂದರೆ ನಮಗೆ ಇದು ಹೊಸದೇನಲ್ಲ. ಹೊಸದು ಏನಪ್ಪಾ ಅಂದರೆ, ಈಗ ಚರಂಡಿಯಲ್ಲಿ ಮಲದ ಜೊತೆ ಹರಿಯುವ ಬೇರೆ ಬೇರೆ ಸಾಮಾನು.

ಕೆಸರು ಅಂದರೆ ಯಾವ ಕೆಸರು?

ಟ್ರ್ಯಾಕ್ಟರಿನವರು ಎಲ್ಲವನ್ನೂ "ಎಸ್‌ಟಿಪಿ ಗೊಬ್ಬರ" ಅಂತಲೇ ಕರೆಯುತ್ತಾರೆ. ಆದರೆ ಇದರಲ್ಲಿ ಮೂರು ಬಗೆ ಇದೆ.

ಮೊದಲನೆಯದು ನಿಜವಾದ ಎಸ್‌ಟಿಪಿ ಕೆಸರು. ಮನೆಗಳ ಕೊಳಚೆ ನೀರಿಗೆ ಗಾಳಿ ಊದಿದಾಗ ಅದರಲ್ಲಿರುವ ಬ್ಯಾಕ್ಟೀರಿಯಾಗಳು ಕೊಳಕನ್ನು ತಿಂದು ಬೆಳೆದು ತಳಕ್ಕೆ ಕೂರುತ್ತವೆ. 1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ತೋರಿಸಿಕೊಟ್ಟ ವಿಧಾನ ಇದು, ಈಗಲೂ ಅಪಾರ್ಟ್‌ಮೆಂಟಿನಿಂದ ಹಿಡಿದು ದೊಡ್ಡ ನಗರದವರೆಗೆ ನಡೆಯುತ್ತಿರುವುದು ಹೆಚ್ಚಾಗಿ ಇದೇ. ಅಂದರೆ ನಿಮ್ಮ ಹೊಲಕ್ಕೆ ಬರುವ ಕಪ್ಪು ಕೆಸರಿನಲ್ಲಿ ಬಹುಪಾಲು ಬ್ಯಾಕ್ಟೀರಿಯಾದ ಮೈಯೇ. ಅದಕ್ಕೇ ಅದರಲ್ಲಿ ಸಾರಜನಕ ಜಾಸ್ತಿ.

ಎರಡನೆಯದು ಪಿಟ್ ಗುಂಡಿ, ಸೆಪ್ಟಿಕ್ ಟ್ಯಾಂಕಿನಿಂದ ಟ್ಯಾಂಕರ್ ಎಳೆದುಕೊಂಡು ಬರುವುದು. ಅದು ಸಂಸ್ಕರಿಸಿದ್ದಲ್ಲ. ಹಸಿ ಮಲವೇ ಅಂತ ತಿಳಿದುಕೊಳ್ಳಿ. ತೆಂಗಿನ ಬುಡಕ್ಕೆ ಟ್ಯಾಂಕರಿನಿಂದ ನೇರವಾಗಿ ಬಿಡಿಸಿಕೊಳ್ಳುವವರನ್ನು ನೋಡಿದ್ದೇನೆ, ದಯವಿಟ್ಟು ಮಾಡಬೇಡಿ.

ಮೂರನೆಯದು ಕಾರ್ಖಾನೆಗಳ ಇಟಿಪಿ, ಅಂದರೆ ಕಾರ್ಖಾನೆಯ ತ್ಯಾಜ್ಯ ನೀರು ಶುದ್ಧ ಮಾಡುವ ಘಟಕದ ಕೆಸರು. ನೋಡಲು ಅದೇ ಕಪ್ಪು, ಅದೇ ಪುಡಿ. ಇದನ್ನು ಹೊಲಕ್ಕೆ ಹಾಕುವ ಮಾತೇ ಇಲ್ಲ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ನಿಮ್ಮ ಲೈನ್ ಮನೆಯ ಗುಂಡಿಯಾಗಲಿ, ಹೋಂಸ್ಟೇ ಟ್ಯಾಂಕಾಗಲಿ, ಖಾಲಿ ಮಾಡಲು ಮನುಷ್ಯರನ್ನು ಇಳಿಸಬೇಡಿ. ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಪ್ರಕಾರ ಅದು ಅಪರಾಧ. ಗುಂಡಿಯೊಳಗಿನ ಗಾಳಿಗೆ ಒಂದೆರಡು ಉಸಿರಿನಲ್ಲೇ ಪ್ರಾಣ ಹೋಗಬಹುದು. ಯಾವ ಗೊಬ್ಬರವೂ ಒಂದು ಜೀವಕ್ಕೆ ಸಮ ಅಲ್ಲ.

ಮಣ್ಣಿನೊಳಗೆ ಏನಾಗುತ್ತದೆ

ಇದನ್ನು ತಿಳಿದುಕೊಂಡರೆ ಮುಂದಿನ ಹಂತಗಳೆಲ್ಲ ತಾನಾಗಿ ಅರ್ಥವಾಗುತ್ತವೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಕೆಸರು ಬಿದ್ದ ಮೊದಲ ವಾರಗಳಲ್ಲಿ ಮಣ್ಣಿನ ಬ್ಯಾಕ್ಟೀರಿಯಾಗಳಿಗೆ ಹಬ್ಬದೂಟ. ನಮ್ಮ ಕೆಂಪು ಮಣ್ಣಿನಲ್ಲಿ ಸಾವಯವ ಇಂಗಾಲ ಮೊದಲೇ ಕಡಿಮೆ, ಹಸಿದು ಕೂತ ಜೀವಿಗಳು ಒಮ್ಮೆಲೇ ಏಳುತ್ತವೆ. ಬೇಗ ತಿಂದು ಬೇಗ ಬೆಳೆಯುವ ಜಾತಿಗಳು ಮುಂದೆ ಬರುತ್ತವೆ. ಬಡ ಮಣ್ಣಿನಲ್ಲಿ ನಿಧಾನವಾಗಿ ಬದುಕುವ ಜಾತಿಗಳು ಹಿಂದೆ ಸರಿಯುತ್ತವೆ. ಆ ಹೊತ್ತಿನಲ್ಲಿ ಲ್ಯಾಬಿಗೆ ಮಣ್ಣು ಕೊಟ್ಟರೆ "ಸೂಕ್ಷ್ಮಜೀವಿಗಳು ಜಾಸ್ತಿಯಾಗಿವೆ" ಅಂತಲೇ ರಿಪೋರ್ಟ್ ಬರುತ್ತದೆ. ಸುಳ್ಳಲ್ಲ. ಆದರೆ ಅದು ಊಟ ಇರುವ ತನಕದ ಮಾತು.

ಕೆಸರಿನ ಜೊತೆ ಬಂದ ಕರುಳಿನ ಬ್ಯಾಕ್ಟೀರಿಯಾಗಳಿಗೆ ಮಣ್ಣು ಪರಸ್ಥಳ. ಬಿಸಿಲು, ಒಣಗುವುದು, ಸ್ಥಳೀಯ ಬ್ಯಾಕ್ಟೀರಿಯಾಗಳ ಪೈಪೋಟಿ, ಅವನ್ನು ಹಿಡಿದು ತಿನ್ನುವ ಪ್ರೊಟೊಜೋವಾಗಳು, ಇಷ್ಟರ ನಡುವೆ ಅವು ವಾರಗಳಲ್ಲೋ ತಿಂಗಳುಗಳಲ್ಲೋ ಕಡಿಮೆಯಾಗುತ್ತವೆ. ಮಣ್ಣಿನ ಜೀವಿಗಳೇ ನಮ್ಮ ಕಾವಲುಗಾರರು ಅಂದರೆ ತಪ್ಪಿಲ್ಲ. ಜಂತುಹುಳುವಿನ ಮೊಟ್ಟೆ ಮಾತ್ರ ಬೇರೆ ಜಾತಿ, ಗಟ್ಟಿ ಚಿಪ್ಪು, ಮಣ್ಣಿನಲ್ಲಿ ವರ್ಷಗಟ್ಟಲೆ ಕಾಯುತ್ತದೆ. ಅದಕ್ಕೆ ಮದ್ದು ಕಾವು.

ಆಮೇಲೆ ಲೋಹಗಳು. ಸತು, ತಾಮ್ರ, ಕ್ಯಾಡ್ಮಿಯಂ, ನಿಕ್ಕಲ್, ಸೀಸ. ಸಾವಯವ ಭಾಗ ಕೊಳೆತು ಗಾಳಿಗೆ ಹೋಗುತ್ತದೆ, ಸಾರಜನಕ ಬೆಳೆಗೆ ಹೋಗುತ್ತದೆ, ಲೋಹ ಮಾತ್ರ ಹೊಲದಲ್ಲೇ ಉಳಿಯುತ್ತದೆ. ಪ್ರತಿ ಸಲ ಹಾಕಿದ್ದು ಹಿಂದಿನದರ ಮೇಲೆ ಕೂರುತ್ತದೆ.

ಇದಕ್ಕೆ ಒಳ್ಳೆಯ ಪಾಠ ಇಂಗ್ಲೆಂಡಿನ ವೋಬರ್ನ್ ಹೊಲದ್ದು. ರೋಥಮ್‌ಸ್ಟೆಡ್ ಸಂಶೋಧನಾ ಕೇಂದ್ರದವರು ಅಲ್ಲಿ 1942ರಿಂದ 1961ರವರೆಗೆ ಕೆಲವು ಪಟ್ಟೆಗಳಿಗೆ ಕೆಸರು, ಕೆಲವಕ್ಕೆ ಕೊಟ್ಟಿಗೆ ಗೊಬ್ಬರ ಹಾಕಿದರು, ಆಮೇಲೆ ಕೆಸರು ನಿಲ್ಲಿಸಿದರು. ಇಪ್ಪತ್ತು ವರ್ಷ ಕಳೆದು 1980ರ ದಶಕದಲ್ಲಿ ನೋಡಿದರೆ, ಕೆಸರು ಹಾಕಿದ್ದ ಪಟ್ಟೆಯಲ್ಲಿ ಸೂಕ್ಷ್ಮಜೀವಿಗಳ ಒಟ್ಟು ಪ್ರಮಾಣ ಕೊಟ್ಟಿಗೆ ಗೊಬ್ಬರದ ಪಟ್ಟೆಯ ಹೆಚ್ಚು ಕಡಿಮೆ ಅರ್ಧ. ಕ್ಲೋವರ್ ಅನ್ನುವ ಮೇವಿನ ಗಿಡದ ಬೇರಿನಲ್ಲಿ ಗಂಟು ಇದ್ದವು, ಆದರೆ ಸಾರಜನಕ ಕಟ್ಟುತ್ತಿರಲಿಲ್ಲ. ಗಂಟಿನೊಳಗೆ ಕೆಲಸ ಮಾಡುವ ರೈಜೋಬಿಯಂ ಅನ್ನುವ ಬ್ಯಾಕ್ಟೀರಿಯಾ ಸತ್ತು, ಲೋಹ ತಡೆದುಕೊಳ್ಳುವ, ಆದರೆ ಸಾರಜನಕ ಕಟ್ಟಲಾಗದ ತಳಿಯೊಂದು ಉಳಿದುಕೊಂಡಿತ್ತು. ವೋಬರ್ನಿನದೂ ಮರಳು ಮಿಶ್ರಿತ ಹಗುರ ಮಣ್ಣು. ನಮ್ಮ ಅರಸೀಕೆರೆ, ಕಡೂರು ಕಡೆಯ ಕೆಂಪು ನೆಲದ ಹಾಗೇ ಅಲ್ಲೂ, ಲೋಹವನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುವ ಜೇಡಿ ಕಡಿಮೆ.

ಲೋಹದ ನಡುವೆ ಬದುಕುವ ಜೀವಿಗಳಿಗೆ ಇನ್ನೊಂದು ತೊಂದರೆ ಇದೆ. ಬದುಕಿ ಉಳಿಯುವುದಕ್ಕೇ ಶಕ್ತಿ ಖರ್ಚಾಗುತ್ತದೆ. ಅಷ್ಟೇ ಊಟಕ್ಕೆ ಜಾಸ್ತಿ ಉಸಿರಾಡುತ್ತವೆ, ಕಡಿಮೆ ಬೆಳೆಯುತ್ತವೆ. ಅಂದರೆ ನೀವು ಹಾಕಿದ ಇಂಗಾಲ ಮಣ್ಣಲ್ಲಿ ನಿಲ್ಲದೆ ಗಾಳಿಗೆ ಹೋಗುವುದೇ ಜಾಸ್ತಿ.

ಕೊನೆಯದು ಬೇರಿಗೆ ಅಂಟಿ ಬದುಕುವ ಮೈಕೊರೈಜಾ ಶಿಲೀಂಧ್ರ. ಕಾಫಿಗೂ ಮೆಣಸಿಗೂ ದೂರದ ರಂಜಕ ತಂದುಕೊಡುವುದು ಇದೇ. ಕೆಸರಿನಲ್ಲಿ ರಂಜಕ ದಂಡಿಯಾಗಿರುತ್ತದೆ. ಬುಡದಲ್ಲೇ ರಂಜಕ ಸಿಕ್ಕರೆ ಗಿಡ ಈ ಶಿಲೀಂಧ್ರಕ್ಕೆ ಸಕ್ಕರೆ ಕೊಡುವುದನ್ನು ಕಡಿಮೆ ಮಾಡುತ್ತದೆ, ಅದು ಬೇರಿನಿಂದ ದೂರವಾಗುತ್ತಾ ಹೋಗುತ್ತದೆ. ವಿಷ ಇಲ್ಲದೆಯೂ, ಬರೀ ಅತಿಯಾಗಿ ಹಾಕುವುದರಿಂದಲೇ ಆಗುವ ನಷ್ಟ ಇದು.

ಹಂತ 1: ಮೂಲ ಕೇಳಿ

ಕೆಸರು ಎಲ್ಲಿಂದ ಅಂತ ನೀವೇ ಹೋಗಿ ನೋಡಿ. ಬರೀ ಮನೆಗಳಿರುವ ಲೇಔಟು, ಅಪಾರ್ಟ್‌ಮೆಂಟು, ಹಾಸ್ಟೆಲು, ಮೂಡಿಗೆರೆ ಅಥವಾ ಸಕಲೇಶಪುರ ಕಡೆಯ ಹೋಂಸ್ಟೇ, ರೆಸಾರ್ಟು ಆದರೆ ಮುಂದುವರಿಯಬಹುದು. ಆ ಲೈನಿಗೆ ಗಾಡಿ ಸರ್ವಿಸ್ ಸ್ಟೇಷನ್, ಪ್ಲೇಟಿಂಗ್ ಅಂಗಡಿ, ಬಣ್ಣ ಹಾಕುವ ಘಟಕ, ಬ್ಯಾಟರಿ ಕೆಲಸ ಸೇರಿದ್ದರೆ ಬಿಟ್ಟುಬಿಡಿ. ಆಸ್ಪತ್ರೆ ಸೇರಿದ್ದರೂ ಬೇಡ, ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳ ಗುಣ ಕೆಸರಿನಲ್ಲಿ ಬರುತ್ತದೆ. ಕಾಂಪೋಸ್ಟ್ ಮಾಡಿದರೆ ಅದು ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ.

ನಾನ್‌ಸ್ಟಿಕ್ ಪಾತ್ರೆ, ನೀರು ಹಿಡಿಯದ ಬಟ್ಟೆಗಳಲ್ಲಿ ಬಳಸುವ ಪಿಫಾಸ್ ಅನ್ನುವ ರಾಸಾಯನಿಕಗಳು ಕಾಂಪೋಸ್ಟ್ ಕಾವಿಗೆ ಕರಗುವುದೇ ಇಲ್ಲ. ಇದರಿಂದ ಹೊಲ, ಬಾವಿ ಕೆಟ್ಟು ಅಮೆರಿಕದ ಮೇನ್ ರಾಜ್ಯ 2022ರಲ್ಲಿ ಕೆಸರನ್ನು ಭೂಮಿಗೆ ಹಾಕುವುದನ್ನೇ ನಿಷೇಧಿಸಿತು. ಮೂಲ ಶುದ್ಧವಾಗಿರಬೇಕು ಅಂತ ನಾನು ಇಷ್ಟು ಒತ್ತಿ ಹೇಳುವುದು ಇದಕ್ಕೇ.

ಇನ್ನೊಂದು. ನಿಮ್ಮ ಕಾಫಿ ಅಥವಾ ಮೆಣಸಿಗೆ ಸಾವಯವ ಸರ್ಟಿಫಿಕೇಟ್ ಇದ್ದರೆ ಈ ಬರಹ ಇಲ್ಲಿಗೇ ನಿಲ್ಲಿಸಬಹುದು. ಅಮೆರಿಕ, ಯುರೋಪಿನ ಸಾವಯವ ನಿಯಮಗಳಲ್ಲಿ ಚರಂಡಿ ಕೆಸರಿಗೆ ಜಾಗವಿಲ್ಲ.

ಹಂತ 2: ಪರೀಕ್ಷೆ ಮಾಡಿಸಿ

ರಾಶಿಯ ಹತ್ತು ಹದಿನೈದು ಕಡೆ, ಮೇಲೆ ಅಲ್ಲ, ಒಳಗಿನಿಂದ ಒಂದೊಂದು ಹಿಡಿ ತೆಗೆಯಿರಿ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕಲಸಿ, ನಾಲ್ಕು ಭಾಗ ಮಾಡಿ, ಎದುರು ಬದುರಿನ ಎರಡು ಭಾಗ ಬಿಸಾಕಿ, ಹೀಗೇ ಮಾಡುತ್ತಾ ಅರ್ಧ ಕೆಜಿಗೆ ತನ್ನಿ. ತುಕ್ಕು ಹಿಡಿದ ತಗಡಿನ ಬಾಂಡ್ಲಿ ಬಳಸಬೇಡಿ, ಲೋಹದ ಲೆಕ್ಕ ಕೆಡುತ್ತದೆ. ರೋಗಾಣು ಪರೀಕ್ಷೆಯ ಸ್ಯಾಂಪಲ್ಲನ್ನು ಐಸ್ ಡಬ್ಬಿಯಲ್ಲಿ ಅದೇ ದಿನ ತಲುಪಿಸಿ.

ಲೋಹಕ್ಕೆ ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬು ನೋಡಿ. ನಿಮ್ಮ ಹೊಲದ ಮಣ್ಣಿನ ಪರೀಕ್ಷೆಗೆ ಹಾಸನದ ಕಂದಲಿ ಅಥವಾ ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ಕಾಫಿಯವರಿಗೆ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಇದ್ದೇ ಇದೆ.

ರಿಪೋರ್ಟ್ ಬಂದಾಗ ನಮ್ಮ ದೇಶದ ಕಾಂಪೋಸ್ಟ್ ಮಾನದಂಡದ ಜೊತೆ ಹೋಲಿಸಿ. ಒಣ ತೂಕದ ಒಂದು ಕೆಜಿಯಲ್ಲಿ ಇಷ್ಟು ಮಿಲಿಗ್ರಾಂ ಮೀರಬಾರದು: ಸತು 1000, ತಾಮ್ರ 300, ಸೀಸ 100, ನಿಕ್ಕಲ್ 50, ಕ್ರೋಮಿಯಂ 50, ಆರ್ಸೆನಿಕ್ 10, ಕ್ಯಾಡ್ಮಿಯಂ 5, ಪಾದರಸ 0.15. "ಅಮೆರಿಕದಲ್ಲಿ ಸತು 2800 ಇದ್ದರೂ ಬಿಡುತ್ತಾರೆ" ಅಂತ ಯಾರಾದರೂ ಹೇಳಬಹುದು. ಅಲ್ಲಿಯ 1993ರ ನಿಯಮ ಹಾಗೇ ಇದೆ, ನಿಜ. ನೀವು ನಮ್ಮದನ್ನೇ ಹಿಡಿದುಕೊಳ್ಳಿ, ಯಾಕೆಂದರೆ ಮಲೆನಾಡಿನ ಹುಳಿ ಮಣ್ಣಿನಲ್ಲಿ ಅದೇ ಲೋಹ ಜಾಸ್ತಿ ಕರಗುತ್ತದೆ.

ರೋಗಾಣುಗಳಿಗೆ ವಿಶ್ವ ಆರೋಗ್ಯ ಸಂಸ್ಥೆಯ 2006ರ ಅಳತೆ ಸಾಕು: ಒಣ ತೂಕದ ಒಂದು ಗ್ರಾಂನಲ್ಲಿ ಇ. ಕೋಲಿ 1000ಕ್ಕಿಂತ ಕಡಿಮೆ, ಜಂತು ಮೊಟ್ಟೆ ಒಂದಕ್ಕಿಂತ ಕಡಿಮೆ. ಇದನ್ನು ಕಾಂಪೋಸ್ಟ್ ಆದ ಮೇಲೆ ಮಾಡಿಸಿ, ಮೊದಲೇ ಮಾಡಿಸಿದರೆ ದುಡ್ಡು ದಂಡ. ಲೋಹದ್ದು ಮಾತ್ರ ಮೊದಲೇ ಆಗಲಿ. ಲೋಹ ಮೀರಿದ್ದರೆ ಯಾವ ಕಾಂಪೋಸ್ಟ್ ಕೂಡ ಅದನ್ನು ತೆಗೆಯುವುದಿಲ್ಲ. ರಾಶಿ ಕರಗಿದ ಹಾಗೆಲ್ಲ ಲೋಹದ ಪ್ರಮಾಣ ಏರುತ್ತದೆ, ಹಾಗಾಗಿ ಮಿತಿಯ ಅಂಚಿನಲ್ಲಿರುವ ಕೆಸರೂ ಬೇಡ.

ಹಂತ 3: ಬಿಸಿ ರಾಶಿ ಹಾಕಿ

ನಾನು ಮೊದಲ ಸಲ ತಪ್ಪಿದ್ದು ಇಲ್ಲೇ. ಒಣಗಿದೆ, ವಾಸನೆ ಇಲ್ಲ, ಆಯಿತು ಅಂದುಕೊಂಡೆ. ಒಣಗುವುದು ಬೇರೆ, ಮಾಗುವುದು ಬೇರೆ.

ಡಿಸೆಂಬರ್ ಕೊನೆ ಅಥವಾ ಜನವರಿಯಲ್ಲಿ ಶುರು ಮಾಡಿ. ಆಗ ಮಳೆ ಬರುವ ಮುಂಚೆ ಗೊಬ್ಬರ ಮಾಗಿರುತ್ತದೆ. ಸಕಲೇಶಪುರ, ಕೊಪ್ಪ, ಶೃಂಗೇರಿ ಕಡೆ ಜೂನ್ ನಂತರ ತೆರೆದ ರಾಶಿ ಅಂದರೆ ಅರ್ಧ ಗೊಬ್ಬರ ಹಳ್ಳಕ್ಕೆ ಕೊಟ್ಟ ಹಾಗೆ.

ಜಾಗ ಎತ್ತರದಲ್ಲಿರಲಿ, ಬಾವಿ, ಹಳ್ಳ, ಮನೆಯಿಂದ ದೂರ ಇರಲಿ. ನೆಲ ಗಟ್ಟಿ ಇರಬೇಕು, ಕಾಫಿ ಕಣದ ಒಂದು ಮೂಲೆ ಸಿಕ್ಕಿದರೆ ಸುಲಭ ಅನ್ನಿಸಬಹುದು, ಆದರೆ ಕಾಫಿ ಒಣಗಿಸುವ ಕಣದಲ್ಲಿ ಮಾತ್ರ ಬೇಡ. ಸುತ್ತ ಸಣ್ಣ ಬದು ಕಟ್ಟಿ, ರಾಶಿಯಿಂದ ಇಳಿಯುವ ಕಪ್ಪು ನೀರು ಹೊರಗೆ ಹೋಗಬಾರದು. ಅದನ್ನೇ ಎತ್ತಿ ರಾಶಿಗೆ ಹಾಕಿ.

ಕೆಸರಿನಲ್ಲಿ ಸಾರಜನಕ ಜಾಸ್ತಿ, ಇಂಗಾಲ ಕಡಿಮೆ, ಗಾಳಿಯೂ ಆಡುವುದಿಲ್ಲ. ಅದಕ್ಕೆ ಒಂದು ಪುಟ್ಟಿ ಕೆಸರಿಗೆ ಎರಡರಿಂದ ಮೂರು ಪುಟ್ಟಿ ಒಣ ಸೊಪ್ಪು ಸದೆ ಸೇರಿಸಿ. ನಮ್ಮಲ್ಲಿ ಇದಕ್ಕೆ ಬರ ಇಲ್ಲ: ಕಾಫಿ ಹೊಟ್ಟು, ಸಿಲ್ವರ್ ಓಕ್ ಎಲೆ, ತೋಟದ ದರಗು, ಕತ್ತರಿಸಿದ ಜೋಳದ ದಂಟು, ತೆಂಗಿನ ನಾರಿನ ಪುಡಿ, ಅಡಿಕೆ ಸಿಪ್ಪೆ. ನಾರಿನ ಪುಡಿ ಒಂದನ್ನೇ ಹಾಕಿದರೆ ನೀರು ಹಿಡಿದು ಮುದ್ದೆಯಾಗುತ್ತದೆ, ದಂಟು ಅಥವಾ ಸಿಪ್ಪೆಯಂಥ ಒರಟು ಸಾಮಾನು ಜೊತೆಗಿರಲಿ. ಎರಡು ಮಂಕರಿ ಹಳೇ ಕೊಟ್ಟಿಗೆ ಗೊಬ್ಬರ ಹೆಪ್ಪಿನ ಹಾಗೆ ಬೆರೆಸಿ.

ರಾಶಿ ಐದು ಅಡಿ ಎತ್ತರ, ಆರು ಅಡಿ ಅಗಲ ಇರಲಿ, ಉದ್ದ ಎಷ್ಟಾದರೂ ಸರಿ. ಇದಕ್ಕಿಂತ ಚಿಕ್ಕದಾದರೆ ಕಾವು ನಿಲ್ಲುವುದಿಲ್ಲ. ತೇವ ಎಷ್ಟಿರಬೇಕು ಅಂದರೆ, ಒಂದು ಹಿಡಿ ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಾಣಬೇಕು, ಹರಿಯಬಾರದು.

ಉದ್ದ ಕಡ್ಡಿಯ ಥರ್ಮಾಮೀಟರ್ ಒಂದು ಕೊಳ್ಳಿ. ಕೈ ಇಟ್ಟು ನೋಡಿ "ಬಿಸಿ ಇದೆ" ಅನ್ನುವುದು ಇಲ್ಲಿ ನಡೆಯುವುದಿಲ್ಲ. ನಡುಭಾಗ 55 ಡಿಗ್ರಿ ಮುಟ್ಟಿದ ದಿನದಿಂದ ಎಣಿಸಿ. ಕನಿಷ್ಠ 15 ದಿನ 55 ಅಥವಾ ಮೇಲೆ ಇರಬೇಕು, ಆ 15 ದಿನದಲ್ಲಿ ಐದು ಸಲ ಮಗುಚಬೇಕು. ಹೊರಗಿದ್ದದ್ದು ಒಳಗೆ, ಒಳಗಿದ್ದದ್ದು ಹೊರಗೆ. ಜಂತು ಮೊಟ್ಟೆ ಸಾಯುವುದು ಈ ಕಾವಿಗೇ, ಅಂಚಿನಲ್ಲೇ ಉಳಿದ ಮೊಟ್ಟೆ ಹಾಗೇ ಉಳಿಯುತ್ತದೆ. 65 ದಾಟಿದರೆ ಕಾಯದೆ ಮಗುಚಿ, ಅಷ್ಟು ಕಾವಿಗೆ ಕೆಲಸ ಮಾಡುವ ಜೀವಿಗಳೂ ಸಾಯುತ್ತವೆ. ಪ್ರತಿ ದಿನದ ಡಿಗ್ರಿಯನ್ನು ಗೋಡೆ ಕ್ಯಾಲೆಂಡರಿನಲ್ಲೇ ಬರೆದಿಡಿ.

ಮಗುಚುವವರಿಗೆ ಗಮ್ ಬೂಟು, ರಬ್ಬರ್ ಗ್ಲೌಸು, ಮಾಸ್ಕು ಕೊಡಿ, ಕೂಲಿಯವರಿಗೂ ಕೊಡಿ. ಟಿಟಿ ಇಂಜೆಕ್ಷನ್ ಆಗಿದೆಯಾ ಕೇಳಿ. ಎಲೆ ಅಡಿಕೆ ಹಾಕುವವರು ಕೈ ತೊಳೆಯದೆ ಹಾಕಿಕೊಳ್ಳಬಾರದು. ಹಸಿ ರಾಶಿಗೆ ಬಳಸಿದ ಸಲಿಕೆಯನ್ನು ಮಾಗಿದ ಗೊಬ್ಬರಕ್ಕೆ ಬಳಸಬೇಡಿ.

ಕಾವು ಇಳಿದ ಮೇಲೆ ಎರಡರಿಂದ ಮೂರು ತಿಂಗಳು ಸುಮ್ನೆ ಬಿಡಿ. ಜನ ಅವಸರ ಮಾಡುವುದು ಇಲ್ಲೇ. ಈ ಹೊತ್ತಿನಲ್ಲಿ ಶಿಲೀಂಧ್ರಗಳು, ಬೂದಿ ಬಣ್ಣದ ಆಕ್ಟಿನೊಮೈಸಿಟ್ ಅನ್ನುವ ಬ್ಯಾಕ್ಟೀರಿಯಾಗಳು ಮತ್ತೆ ನೆಲೆಯೂರುತ್ತವೆ. ಅವು ತುಂಬಿಕೊಂಡರೆ ಸಾಲ್ಮೊನೆಲ್ಲಾದಂಥ ರೋಗಾಣು ಹೊರಗಿನಿಂದ ಬಂದರೂ ಜಾಗ ಸಿಗುವುದಿಲ್ಲ. ಅರೆಬರೆ ಮಾಗಿದ ರಾಶಿ ನೆನೆದರೆ ಅದೇ ರೋಗಾಣು ಮತ್ತೆ ಹೆಚ್ಚುತ್ತದೆ. ಮೇಲೆ ತಗಡು ಅಥವಾ ಟಾರ್ಪಾಲು ಇರಲೇಬೇಕು.

ಮಾಗಿದ್ದು ಗೊತ್ತಾಗುವುದು ಹೇಗೆ? ಮೊದಲ ಮಳೆಯ ಮಣ್ಣಿನ ಪರಿಮಳ ಬರುತ್ತದೆ. ಮಗುಚಿದರೂ ಮತ್ತೆ ಬಿಸಿಯಾಗುವುದಿಲ್ಲ. ಒಂದು ಲೋಟ ಗೊಬ್ಬರ, ಐದು ಲೋಟ ನೀರು ಕಲಸಿ ಸೋಸಿ, ಆ ನೀರಲ್ಲಿ 20 ಹೆಸರುಕಾಳು ನೆನೆಸಿ ಮೊಳಕೆ ಕಟ್ಟಿ. ಬರೀ ನೀರಲ್ಲಿ ಇನ್ನೊಂದು 20. ಗೊಬ್ಬರದ ನೀರಿನ ಮೊಳಕೆಯ ತುದಿ ಕಂದಿದರೆ, ಕಡಿಮೆ ಒಡೆದರೆ, ಇನ್ನೊಂದು ತಿಂಗಳು ಕಾಯಿರಿ. ಈ ಕಾಳನ್ನು ತಿನ್ನಬೇಡಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ಹಂತ 4: ನಿಮ್ಮ ಮಣ್ಣು ತಡೆಯುತ್ತದಾ?

ಮಣ್ಣಿನ ರಸಸಾರ (ಪಿಎಚ್) 6ಕ್ಕಿಂತ ಕಡಿಮೆ ಇದ್ದರೆ ಮೊದಲು ಸುಣ್ಣ, ಆಮೇಲೆ ಕೆಸರು. ಹುಳಿ ಮಣ್ಣಿನಲ್ಲಿ ಸತು, ಕ್ಯಾಡ್ಮಿಯಂ ಸುಲಭವಾಗಿ ಕರಗಿ ಜೀವಿಗಳಿಗೂ ಬೇರಿಗೂ ಸಿಗುತ್ತವೆ. 6ರಿಂದ 6.5ರ ನಡುವೆ ಇದ್ದರೆ ಕಾಫಿಗೂ ಹಿತ, ಲೋಹವೂ ಹಿಡಿತದಲ್ಲಿರುತ್ತದೆ. ಸುಣ್ಣ ಎಷ್ಟು ಅನ್ನುವುದನ್ನು ಮಣ್ಣು ಪರೀಕ್ಷೆ ಹೇಳುತ್ತದೆ.

ಕಾಫಿ, ಅಡಿಕೆ, ಮೆಣಸಿನವರು ತಾಮ್ರದ ಲೆಕ್ಕ ಬೇರೆ ಹಾಕಬೇಕು. ನಾವು ತಲೆಮಾರುಗಳಿಂದ ಬೋರ್ಡೋ, ಅಂದರೆ ಮೈಲುತುತ್ತ ಸುಣ್ಣದ ದ್ರಾವಣ, ಹೊಡೆಯುತ್ತಿದ್ದೇವೆ ಅಲ್ವಾ? ಎಕರೆಗೆ ಶೇ 1ರ ಬೋರ್ಡೋ 400 ಲೀಟರ್ ಅಂದರೆ 4 ಕೆಜಿ ಮೈಲುತುತ್ತ. ಅದರಲ್ಲಿ ಕಾಲು ಭಾಗ, ಅಂದರೆ 1 ಕೆಜಿ, ತಾಮ್ರ. ಮಿತಿಯ ತುದಿಯಲ್ಲಿರುವ, ಅಂದರೆ 300 ಮಿಲಿಗ್ರಾಂ ತಾಮ್ರದ ಕೆಸರು ಗೊಬ್ಬರ 2 ಟನ್ ಹಾಕಿದರೆ ಸೇರುವುದು 600 ಗ್ರಾಂ. ಒಂದು ರೌಂಡ್ ಬೋರ್ಡೋದ್ದೇ ಇದಕ್ಕಿಂತ ಜಾಸ್ತಿ. ಎರಡೂ ಬೀಳುವುದು ಅದೇ ಮಣ್ಣಿಗೆ. ಹಳೇ ತೋಟವಾದರೆ ಮಣ್ಣಿನ ತಾಮ್ರ ಅಳೆಸದೆ ಒಂದು ಪುಟ್ಟಿಯನ್ನೂ ಹಾಕಬೇಡಿ.

ಹಂತ 5: ಎಷ್ಟು ಹಾಕಬೇಕು

ಹೆಚ್ಚಿನವರು ಸಾರಜನಕ ನೋಡಿ ಲೆಕ್ಕ ಹಾಕುತ್ತಾರೆ. ತಪ್ಪು. ರಂಜಕ ನೋಡಿ ಹಾಕಿ.

ಲೆಕ್ಕ ಹೀಗೆ. ನಿಮ್ಮ ರಿಪೋರ್ಟಿನಲ್ಲಿ ಸಾರಜನಕ ಶೇ 1.5, ರಂಜಕ ಶೇ 2 ಇದೆ ಅಂತ ಇಟ್ಟುಕೊಳ್ಳಿ. ಒಣ ತೂಕದ 2 ಟನ್ನಿನಲ್ಲಿ ಸಾರಜನಕ 30 ಕೆಜಿ. ಕಾಂಪೋಸ್ಟ್ ಆದ ಕೆಸರಿನಲ್ಲಿ ಮೊದಲ ವರ್ಷ ಬೆಳೆಗೆ ಸಿಗುವುದು ಸುಮಾರು ಹತ್ತರಲ್ಲಿ ಒಂದು ಭಾಗ, ಅಂದರೆ 3 ಕೆಜಿ. ಉಳಿದದ್ದನ್ನು ಸೂಕ್ಷ್ಮಜೀವಿಗಳು ನಿಧಾನಕ್ಕೆ ಬಿಡುತ್ತವೆ. ರಂಜಕ ಮಾತ್ರ 40 ಕೆಜಿ. ಮಳೆ ಆಶ್ರಯದ ರಾಗಿಗೆ ಎಕರೆಗೆ ಶಿಫಾರಸು ಸುಮಾರು 20 ಕೆಜಿ ಸಾರಜನಕ, 16 ಕೆಜಿ ರಂಜಕ, 15 ಕೆಜಿ ಪೊಟ್ಯಾಷ್. ಸಾರಜನಕ ತುಂಬಿಸಲು ಹೋದರೆ ಹದಿಮೂರು ಟನ್ ಮೇಲೆ ಹಾಕಬೇಕು, ರಂಜಕ ಶಿಫಾರಸಿನ ಹದಿನಾರು ಪಟ್ಟು ದಾಟುತ್ತದೆ, ಮೈಕೊರೈಜಾ ಬೇರಿನಿಂದ ದೂರವಾಗುತ್ತದೆ, ಲೋಹವೂ 2 ಟನ್ನಿನದಕ್ಕಿಂತ ಆರೇಳು ಪಟ್ಟು ಬೀಳುತ್ತದೆ. 2 ಟನ್ನಿನ ರಂಜಕವೇ ಎರಡೂವರೆ ವರ್ಷಕ್ಕೆ ಆಗುತ್ತದೆ. ಹಾಗಾಗಿ ನನ್ನ ಅಳತೆ: ಎಕರೆಗೆ 2 ಟನ್, ಮೂರು ವರ್ಷಕ್ಕೆ ಒಂದೇ ಸಲ. ಸಾರಜನಕದ ಕೊರತೆಗೆ ಹಸಿರೆಲೆ ಗೊಬ್ಬರ, ದ್ವಿದಳ, ಇಲ್ಲವೇ ಸ್ವಲ್ಪ ಯೂರಿಯಾ. ಪೊಟ್ಯಾಷ್ ಬೇರೆ ಕೊಡಲೇಬೇಕು, ಅದು ನೀರಿನಲ್ಲಿ ಕರಗಿ ಎಸ್‌ಟಿಪಿಯಲ್ಲೇ ಹೊರಟುಹೋಗಿರುತ್ತದೆ.

ಲೋಹದ ಲೆಕ್ಕವನ್ನೂ ಒಮ್ಮೆ ಮಾಡಿ ನೋಡಿ. ಎಕರೆಯ ಮೇಲಿನ ಅರ್ಧ ಅಡಿ ಮಣ್ಣು ಸುಮಾರು 900 ಟನ್ ತೂಗುತ್ತದೆ. 1000 ಮಿಲಿಗ್ರಾಂ ಸತು ಇರುವ ಗೊಬ್ಬರ 2 ಟನ್ ಅಂದರೆ 2 ಕೆಜಿ ಸತು, ಮಣ್ಣಿನ ಪ್ರತಿ ಕೆಜಿಗೆ 2.2 ಮಿಲಿಗ್ರಾಂ. ಒಂದು ಸಲಕ್ಕೆ ಏನೂ ಅಲ್ಲ, ನಮ್ಮ ಎಷ್ಟೋ ಹೊಲಗಳಿಗೆ ಸತು ಬೇಕೂ ಬೇಕು. ಆದರೆ ಪ್ರತಿ ವರ್ಷ 10 ಟನ್ ಸುರಿದರೆ ಹತ್ತು ವರ್ಷಕ್ಕೆ 110 ಮಿಲಿಗ್ರಾಂ. ಬಿಟ್ಟಿ ಸಿಗುತ್ತದೆ ಅಂತ ಸುರಿಯುವವರು ಮುಟ್ಟುವುದು ಇಲ್ಲಿಗೆ.

ಹಂತ 6: ಯಾವುದಕ್ಕೆ, ಯಾವಾಗ

ಆಲೂಗಡ್ಡೆ, ಶುಂಠಿ, ಕ್ಯಾರೆಟ್, ಮೂಲಂಗಿ, ಈರುಳ್ಳಿ, ಸೊಪ್ಪು, ನೆಲಕ್ಕೆ ತಾಗುವ ಟೊಮ್ಯಾಟೊ, ಸೌತೆ, ಇವಕ್ಕೆ ಬೇಡ. ಹಾಸನದಲ್ಲಿ ಆಲೂಗಡ್ಡೆ, ಶುಂಠಿ ಎರಡೂ ಹೊಲದಿಂದ ಹೊಲಕ್ಕೆ ತಿರುಗುವ ಬೆಳೆಗಳು, ಶುಂಠಿಗೆ ಹೊಲ ಲೀಸಿಗೆ ಕೊಡುವವರು ಇದನ್ನು ಗಮನಿಸಲೇಬೇಕು. ಅಮೆರಿಕದ ನಿಯಮದಲ್ಲಿ ಪೂರ್ತಿ ಕಾವು ಕಾಣದ ಕೆಸರು ಹಾಕಿದ ಹೊಲದಲ್ಲಿ ಗಡ್ಡೆ ಬೆಳೆಗೆ 20ರಿಂದ 38 ತಿಂಗಳು ಕಾಯಬೇಕು. ನಮ್ಮದು ಬಿಸಿ ರಾಶಿಯ ಗೊಬ್ಬರವೇ ಆದರೂ ಗಡ್ಡೆಗೆ ಮೂರು ವರ್ಷದ ಅಂತರ ಇಡಿ. ದನ ಮೇಯಿಸಲು ಕನಿಷ್ಠ 30 ದಿನ ಬಿಡಿ.

ತೆಂಗು, ಅಡಿಕೆ, ಕಾಫಿ, ಸಿಲ್ವರ್ ಓಕ್, ಮುಸುಕಿನ ಜೋಳ, ರಾಗಿ, ಚೆಂಡುಹೂ, ಇವಕ್ಕೆ ಆಗಬಹುದು. ಕಾಫಿಗೆ ಕೊಯ್ಲು ಪೂರ್ತಿ ಮುಗಿದು, ಉದುರಿದ ಹಣ್ಣು ಆರಿಸಿಯಾದ ಮೇಲೆ, ಹೂಮಳೆ ಬಿದ್ದು ನೆಲ ತೇವ ಇರುವಾಗ ಹಾಕಿ. ಬುಡಕ್ಕೆ ಒತ್ತಬೇಡಿ, ಬುಡದಿಂದ ಒಂದೂವರೆ ಅಡಿ ಬಿಟ್ಟು ಸುತ್ತ ಹರಡಿ, ದರಗು ಮುಚ್ಚಿ. ರಾಗಿ ಹೊಲಕ್ಕೆ ಮೇ ತಿಂಗಳಲ್ಲಿ ಹರಡಿ ಅವತ್ತೇ ಉಳುಮೆ ಮಾಡಿ. ದೊಡ್ಡ ಮಳೆಗೆ ಇನ್ನು ವಾರ ಇದೆ ಅನ್ನುವಾಗ ಹಾಕಬೇಡಿ. ಹೇಮಾವತಿ, ಯಗಚಿ, ಭದ್ರೆ, ಯಾವುದಾದರೂ ಒಂದು ನಮ್ಮ ಹಳ್ಳದ ಕೆಳಗೇ ಇದೆ. ಹಳ್ಳ, ಬಾವಿ, ಬೋರ್‌ವೆಲ್ಲಿಂದ 100 ಅಡಿ ಬಿಡಿ, ಇಳಿಜಾರಾದರೆ ಇನ್ನೂ ಜಾಸ್ತಿ.

ಹಂತ 7: ಮಣ್ಣಿನ ಜೀವಿಗಳನ್ನು ನೀವೇ ನೋಡಿ

ಹೊಲದಲ್ಲಿ ಒಂದು ಪಟ್ಟೆಗೆ ಕೆಸರು ಹಾಕದೆ ಬಿಡಿ, ಎರಡು ಗುಂಟೆ ಸಾಕು. ಅಲ್ಲಿಗೆ ಕೊಟ್ಟಿಗೆ ಗೊಬ್ಬರ ಹಾಕಿ. ನಾಲ್ಕು ಮೂಲೆಗೆ ಕಲ್ಲು ನೆಡಿ. ಈ ಪಟ್ಟೆ ಇಲ್ಲದಿದ್ದರೆ ನಿಮಗೆ ಏನೂ ಗೊತ್ತಾಗುವುದಿಲ್ಲ, ನನ್ನ ಹೊಲದಲ್ಲಿ ಗೊತ್ತಾಗಿದ್ದು ಕೆಸರು ಸಾಲದೆ ಒಂದು ಪಟ್ಟೆ ಉಳಿದಿದ್ದಕ್ಕೆ.

ಎರೆಹುಳು ಎಣಿಸಿ. ಮಳೆ ಬಿದ್ದು ವಾರದ ಮೇಲೆ, ಬೆಳಿಗ್ಗೆ, ಎರಡೂ ಕಡೆ ಒಂದು ಅಡಿ ಚೌಕ, ಮುಕ್ಕಾಲು ಅಡಿ ಆಳ ತೆಗೆದು ಗೋಣಿಚೀಲದ ಮೇಲೆ ಹರಡಿ ಎಣಿಸಿ. ಒಂದೊಂದು ಕಡೆ ಐದು ಗುಂಡಿ.

ಬಿಳಿ ಹತ್ತಿ ಬಟ್ಟೆ ಹೂಳಿ. ಹಳೇ ಪಂಚೆಯನ್ನು ಒಂದೇ ಅಳತೆಗೆ ಹರಿದು, ಎರಡೂ ಕಡೆ ನಾಲ್ಕು ಬೆರಳು ಆಳದಲ್ಲಿ ಇಟ್ಟು, ಎರಡು ತಿಂಗಳಿಗೆ ತೆಗೆಯಿರಿ. ಹತ್ತಿಯನ್ನು ತಿನ್ನುವುದು ಶಿಲೀಂಧ್ರ, ಬ್ಯಾಕ್ಟೀರಿಯಾ. ಎಲ್ಲಿ ಬಟ್ಟೆ ಜಾಸ್ತಿ ಉಳಿದಿದೆಯೋ ಅಲ್ಲಿ ಕೆಲಸ ನಿಧಾನ.

ಎಲ್ಲಕ್ಕಿಂತ ನಾನು ನಂಬುವುದು ಬೇರಿನ ಗಂಟನ್ನು. ಅಲಸಂದೆ ಅಥವಾ ಹುರುಳಿಯನ್ನು ಎರಡೂ ಪಟ್ಟೆಯಲ್ಲಿ ಒಂದೇ ದಿನ, ರೈಜೋಬಿಯಂ ಉಪಚಾರ ಮಾಡದ ಬೀಜದಿಂದ ಬಿತ್ತಿ. 40ರಿಂದ 45ನೇ ದಿನ, ಹೂ ಬರುವ ಹೊತ್ತಿಗೆ, ಗುದ್ದಲಿಯಿಂದ ಮಣ್ಣಿನ ಗಡ್ಡೆ ಸಮೇತ ಎತ್ತಿ ನೀರಲ್ಲಿ ತೊಳೆಯಿರಿ. ಕೈಯಲ್ಲಿ ಎಳೆದು ಕಿತ್ತರೆ ಗಂಟು ಮಣ್ಣಲ್ಲೇ ಉಳಿಯುತ್ತವೆ. ಒಂದೊಂದು ಕಡೆ ಹತ್ತು ಗಿಡ. ಎಣಿಸಿ, ಬ್ಲೇಡಿನಿಂದ ಸೀಳಿ ಬಣ್ಣ ನೋಡಿ. ಒಳಗೆ ಕೆಂಪು ಅಥವಾ ಗುಲಾಬಿ ಇದ್ದರೆ ಸಾರಜನಕ ಕಟ್ಟುತ್ತಿದೆ. ಬಿಳಿ, ಹಸಿರು, ಕಂದು ಆದರೆ ಇಲ್ಲ.

ಇಲ್ಲಿ ಒಂದು ಎಚ್ಚರಿಕೆ. ಹಾಕಿದ ಮೊದಲ ವರ್ಷ ಗಂಟು ಕಡಿಮೆಯಾದರೆ ಹೆದರಬೇಡಿ. ಮಣ್ಣಿನಲ್ಲಿ ಸಾರಜನಕ ಸಿಕ್ಕರೆ ಗಿಡವೇ ಬ್ಯಾಕ್ಟೀರಿಯಾವನ್ನು ಕರೆಯುವುದಿಲ್ಲ. ನನ್ನ ಹೊಲದಲ್ಲಿ ಆಗಿದ್ದೂ ಅದೇ ಇರಬೇಕು, ಮಾಗದ ಕೆಸರಿನ ಸಾರಜನಕ ಒಮ್ಮೆಲೇ ಬಿಟ್ಟುಕೊಂಡಿತ್ತು. ಮರು ವರ್ಷ ಏನೂ ಹಾಕದೆ ಅಲಸಂದೆ ಬಿತ್ತಿದಾಗ ಗಂಟು ವಾಪಸ್ ಬಂದವು, ಒಳಗೆ ಕೆಂಪು. ಆ ದಿನ ನನಗಾದ ಖುಷಿ ಯಾವ ಇಳುವರಿಗೂ ಆಗಿರಲಿಲ್ಲ.

ಎರಡನೇ ವರ್ಷವೂ, ಸಾರಜನಕದ ಅಬ್ಬರ ಇಳಿದ ಮೇಲೂ, ಕೆಸರಿನ ಪಟ್ಟೆಯಲ್ಲಿ ಮಾತ್ರ ಗಂಟು ಬಿಳಿಯಾಗೇ ಇದ್ದರೆ ಆ ಹೊಲಕ್ಕೆ ಇನ್ನು ಕೆಸರು ಬೇಡ. ಮಣ್ಣಿನ ಲೋಹ ಅಳೆಸಿ. ರಸಸಾರ 6.5ರ ಹತ್ತಿರ ತರಲು ಸುಣ್ಣ ಹಾಕಿ, ಕೊಟ್ಟಿಗೆ ಗೊಬ್ಬರ ಜಾಸ್ತಿ ಮಾಡಿ, ಎರಡೂ ಲೋಹವನ್ನು ಕಟ್ಟಿಹಾಕುತ್ತವೆ. ಮುಂದಿನ ಅಲಸಂದೆಗೆ ರೈಜೋಬಿಯಂ ಪುಡಿಯಲ್ಲಿ ಬೀಜೋಪಚಾರ ಮಾಡಿ, ನೆರಳಲ್ಲಿ ಒಣಗಿಸಿ, ಅವತ್ತೇ ಬಿತ್ತಿ. 45ನೇ ದಿನ ಮತ್ತೆ ಗುದ್ದಲಿ ಹಿಡಿದು ಹೋಗಿ ನೋಡಿ.